ತಪಸ್ಸುಕಾಲದ ಬಣ್ಣ

“ಈ ಕೆಮ್ಮು ಯಾರದ್ದು?”

ಓರ್ಲಿಂಡಾ ಕಿಂಟಾನಾ ಕೇಳಿದ್ದು ಯಾರನ್ನೂ ಅಲ್ಲ. ಆದರೂ ಪಕ್ಕದಲ್ಲಿ ನಿಂತಿದ್ದ ಮುದುಕಿ ತನ್ನನ್ನೇ ಕೇಳಿದಳೆಂದುಕೊಂಡಳು.

“ನನಗೆ ಕೆಮ್ಮಿಲ್ಲಮ್ಮ. ಮಂಡಿನೋವು ಅಷ್ಟೇ.”

ಲೊಸ್ ಸಬಿನೋಸ್ ಚರ್ಚಿನ ಅಂಗಳದಲ್ಲಿ ಆಗಷ್ಟೇ ಪೂಜೆ ಮುಗಿದಿತ್ತು. ದಾರಿಹೋಕರ ಸಂತ ಸಾನ್ ಕ್ರಿಸ್ತೋಬಲ್‌ನ ಹಬ್ಬ. ಮಣ್ಣಿನ ಗೋಡೆಯ ಸುತ್ತ ಊರಿನ ಗಾಡಿಗಳೆಲ್ಲ ಸಾಲಾಗಿ ನಿಂತು ತೀರ್ಥಕ್ಕೆ ಕಾಯುತ್ತಿದ್ದವು. ಸಾಲಿನ ತಲೆಯಲ್ಲಿ ದೋನ್ ಬೆಲಾರ್ಮಿನೊ ಲುಹಾನ್ ಅವರ ಹಳೆಯ ಪಿಕಪ್. ಅವರಪ್ಪ ಕೊಂಡ ಗಾಡಿ. ತಿಳಿನೀಲಿ ಬಣ್ಣ ಬಿಸಿಲಿಗೆ ಮಾಸಿ ಪಾರಿವಾಳದ ಕತ್ತಿನಂತಾಗಿತ್ತು. ಅದರ ಹಿಂಬದಿಯಲ್ಲಿ ಕಾಗದದ ಹೂಗಳ ನಡುವೆ ಸಂತನ ಮರದ ವಿಗ್ರಹ.

ದೋನ್ ಬೆಲಾರ್ಮಿನೊ ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಗುಟುರು ಹಾಕಿ ಎದ್ದಿತ್ತು. ಜನ ಚಪ್ಪಾಳೆ ತಟ್ಟಿದ್ದರು. ಹೋದ ವರ್ಷ ಈ ಗಾಡಿಯ ಎದೆಯೇ ನಿಂತುಹೋಗಿ, ಸಂತನನ್ನು ಬೇರೆಯವರ ಗಾಡಿಯಲ್ಲಿ ಹೊರಿಸಬೇಕಾಗಿ ಬಂದಿತ್ತು. ಚರ್ಚಿನ ಪಾರುಪತ್ತೇದಾರರಾದ ಅವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಈಗ ತಮ್ಮ ಕೊಟ್ಟಿಗೆಯಲ್ಲೇ ಹಳೆಯ ಎಂಜಿನ್ ಕಿತ್ತು ಹೊಸ ಕಾಲದ್ದನ್ನು ಕೂರಿಸಿ, ಇಂದೇ ಮೊದಲ ಸಲ ಊರ ಮುಂದೆ ತಂದಿದ್ದರು.

ಆ ಗುಟುರಿನ ಅಡಿಯಲ್ಲಿ, ಗಮನವಿಟ್ಟರೆ ಮಾತ್ರ ಕೇಳುವಂತೆ, ಸಣ್ಣ ಸದ್ದೊಂದಿತ್ತು. ಟಿಕ್, ಟಿಕ್, ಟಿಕ್. ಗಂಟಲಲ್ಲಿ ಸಿಕ್ಕ ಒಣ ಕೆಮ್ಮು.

ಓರ್ಲಿಂಡಾ ಗಮನವಿಟ್ಟು ಕೇಳುವುದನ್ನು ಅಜ್ಜನಿಂದ ಕಲಿತವಳು. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸದಲ್ಲಿ, ತಪಸ್ಸುಕಾಲದಲ್ಲಿ, ಅಜ್ಜ ಪ್ರಾರ್ಥನಾಮಂದಿರದಲ್ಲಿ ನಿಂತು ವಾದ್ಯವಿಲ್ಲದೆ ಹಾಡುತ್ತಿದ್ದ ಉದ್ದುದ್ದ ಶೋಕಗೀತೆಗಳನ್ನು ಅವಳು ಬೆಂಚಿನ ಕೆಳಗೆ ಕೂತು ಕೇಳಿದ್ದಳು. ದನಿ ಕೇಳಿಯೇ ಯಾರು ಅತ್ತು ಬಂದಿದ್ದಾರೆ, ಯಾರು ಕುಡಿದು ಬಂದಿದ್ದಾರೆ ಎಂದು ಹೇಳಬಲ್ಲವಳಾಗಿದ್ದಳು. “ಪದ ಮರೆತರೆ ಪಕ್ಕದವನು ಹೇಳಿಕೊಡ್ತಾನೆ ಮಗಳೇ. ದನಿ ಮರೆತರೆ ಯಾರು ಹೇಳಿಕೊಡ್ತಾರೆ?” ಎನ್ನುತ್ತಿದ್ದ ಅಜ್ಜ. ಕೌಂಟಿ ಶೆರೀಫನ ಕಚೇರಿಯಲ್ಲಿ ತನಿಖೆಯ ಕೆಲಸಕ್ಕೆ ಸೇರಿ ತಲೆ ಅರ್ಧ ನರೆತ ಮೇಲೂ ಅವಳು ಆ ಮಾತು ಮರೆತಿರಲಿಲ್ಲ.

ಈ ದನಿ ಅವಳಿಗೆ ಗೊತ್ತಿತ್ತು.

ಪ್ರತಿ ಭಾನುವಾರ ಬೆಳಿಗ್ಗೆ ಇದೇ ಗೋಡೆಯ ಪಕ್ಕ ಬಿಳಿಯ ಪಿಕಪ್ಪೊಂದು ಹೀಗೇ ಕೆಮ್ಮುತ್ತಿತ್ತು. ಮೆಕ್ಯಾನಿಕ್ ರೆಮಿಹಿಯೊ ಒಲಿವಾಸ್‌ನ ಗಾಡಿ. ಹೊಗೆಯ ಕೊಳವೆ ಎಂಜಿನ್ನಿಗೆ ಕೂಡುವಲ್ಲಿ, ತೀರಾ ಹಿಂದಿನ ಬೋಲ್ಟಿನ ತಲೆ ಮುರಿದಿತ್ತು. ತಣ್ಣಗಿದ್ದಾಗ ಆ ಸಂದಿನಿಂದ ಉಸಿರು ಸೋರುತ್ತಿತ್ತು. ಕಬ್ಬಿಣ ಕಾದು ಹಿಗ್ಗಿದರೆ ಸಂದು ಮುಚ್ಚಿ ಕೆಮ್ಮು ನಿಲ್ಲುತ್ತಿತ್ತು. ಊರಿನವರ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನು ತನ್ನದನ್ನು ಮುಟ್ಟಿರಲಿಲ್ಲ. “ವೈದ್ಯನ ಮನೇಲೇ ಕೆಮ್ಮಿರೋದು” ಎಂದು ನಗುತ್ತಿದ್ದ.

ಅದೇ ಬಿಳಿ ಗಾಡಿಯಲ್ಲಿ ಕೂತು ರೆಮಿಹಿಯೊ, ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಹಿಂದಿನ ದಿನ ಊರು ಬಿಟ್ಟು ಹೋಗಿದ್ದ. ಕೊಲೊರಾಡೊದಲ್ಲಿ ಅವನಿಗೆ ಇನ್ನೊಬ್ಬಳಿದ್ದಾಳೆ ಎಂದು ಕಣಿವೆಯೆಲ್ಲ ಆಡಿಕೊಂಡಿತು. ಅಲ್ಲಿಂದೀಚೆಗೆ ಅವನ ಸುದ್ದಿಯೂ ಇಲ್ಲ, ಗಾಡಿಯ ಸುಳಿವೂ ಇಲ್ಲ.

ಓಡಿಹೋದ ಗಾಡಿಯ ಕೆಮ್ಮು ಈಗ ಓಡಿಹೋಗದ ಗಾಡಿಯಿಂದ ಬರುತ್ತಿತ್ತು.

ಓರ್ಲಿಂಡಾಳ ಕಣ್ಣು ತಾನಾಗಿ ಅಂಗಳದಾಚೆಯ ಊಟದ ಮನೆಯ ಕಿಟಕಿಗೆ ಹೋಯಿತು. ಕಿಟಕಿ ತೆರೆದೇ ಇತ್ತು. ರೆಮಿಹಿಯೊನ ಹೆಂಡತಿ ಪ್ರಿಸಿಲಿಯಾನಾ ಒಲೆಯ ಮುಂದೆ ನಿಂತು ಕೆಂಪು ಮೆಣಸಿನಕಾಯಿಯ ಗೊಜ್ಜು ಕದಡುತ್ತಿದ್ದಳು. ತಲೆ ಎತ್ತಲಿಲ್ಲ. ಪಾತ್ರೆಗಳ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಳು ಓರ್ಲಿಂಡಾ.

ಪ್ರಿಸಿಲಿಯಾನಾಳ ಮಗಳಿಗೆ ಓರ್ಲಿಂಡಾ ಜ್ಞಾನತಾಯಿ. ಮಗುವಿನ ದೀಕ್ಷಾಸ್ನಾನವಾದ ದಿನದಿಂದ ಆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದಿಲ್ಲ. ಇವಳಿಗೆ ಅವಳು ಕೊಮಾದ್ರೆ, ಅಂದರೆ ಜೊತೆತಾಯಿ; ಅವಳಿಗೆ ಇವಳು ಕೊಮಾದ್ರೆ. ಒಡಹುಟ್ಟಿದವರಿಗಿಂತ ಗಟ್ಟಿ ನಂಟು ಅದು. ರೆಮಿಹಿಯೊ ಹೋದ ಮೇಲೆ ಪ್ರಿಸಿಲಿಯಾನಾ ಅವಳ ಕೈ ಹಿಡಿದು ಕೇಳಿದ್ದು ಒಂದೇ ಮಾತು.

“ನಾನು ಹಚ್ಚಬೇಕಾದ್ದು ಬದುಕಿರೋನ ದೀಪಾನೋ, ಸತ್ತೋನ ದೀಪಾನೋ? ಅಷ್ಟು ಹೇಳಿಬಿಡು ಕೊಮಾದ್ರೆ. ಬಯ್ಯೋಕಾದ್ರೂ ಅಳೋಕಾದ್ರೂ ನನಗೊಂದು ದಾರಿಯಾಗ್ಲಿ.”

ಹೇಳುತ್ತೇನೆಂದು ಓರ್ಲಿಂಡಾ ಶಿಲುಬೆ ಮುಟ್ಟಿ ಮಾತು ಕೊಟ್ಟಿದ್ದಳು.

ಬೆಟ್ಟದ ಮೇಲೆ ಮೋಡ ಕಪ್ಪಾಗಿ ಕೂಡುತ್ತಿತ್ತು. ಎಂಜಿನ್ ಬಿಸಿಯೇರಿದಂತೆ ಕೆಮ್ಮು ಕ್ಷೀಣಿಸಿ, ಕೊನೆಗೆ ಯಾರೋ ಬಾಯಿ ಮುಚ್ಚಿದಂತೆ ನಿಂತುಹೋಯಿತು.

*

ಫಾದರ್ ಆನ್ಸೆಲ್ಮ್ ನೈಜೀರಿಯಾದಿಂದ ಬಂದವರು. ಎತ್ತರದ ಆಳು, ದೊಡ್ಡ ನಗು. ಒಂದು ಕೈಯಲ್ಲಿ ತೀರ್ಥದ ಬಕೆಟ್ಟು, ಇನ್ನೊಂದರಲ್ಲಿ ಸಬಿನೊ ಗಿಡದ ಸೊಪ್ಪಿನ ಕಟ್ಟು ಹಿಡಿದು ಮೊದಲ ಗಾಡಿಯ ಮುಂದೆ ನಿಂತರು.

“ತೆಗೀರಿ ದೋನ್ ಬೆಲಾರ್ಮಿನೊ. ಎದೆ ತೋರಿಸದೆ ಆಶೀರ್ವಾದ ಹೇಗೆ?”

ಈ ಊರಿನಲ್ಲಿ ಬಾನೆಟ್ ಮುಚ್ಚಿಕೊಂಡು ತೀರ್ಥ ಹಾಕಿಸಿಕೊಂಡವರಿಲ್ಲ. ನೀರು ತಗಡಿನ ಮೇಲೆ ಬಿದ್ದರೆ ಪುಣ್ಯವೂ ತಗಡಿಗೇ ಎಂದು ಹಿರಿಯರ ಮಾತು.

ದೋನ್ ಬೆಲಾರ್ಮಿನೊ ಅವರ ಕೈ ಬಾನೆಟ್ಟಿನ ಅಂಚಿನಲ್ಲಿ ಒಂದು ಕ್ಷಣ ತಡೆದು ನಿಂತಿತು. ಊರೆಲ್ಲ ನೋಡುತ್ತಿತ್ತು. ವಿಗ್ರಹ ಹೊತ್ತ ಗಾಡಿ, ಪಾರುಪತ್ತೇದಾರರ ಗಾಡಿ. ಅವರು ಎತ್ತಿದರು.

“ಹೊರಗೆ ತಾತ, ಒಳಗೆ ಮೊಮ್ಮಗ” ಎಂದರು ಫಾದರ್. ಜನ ನಕ್ಕರು. ಅಗಲವಾದ ಹಳೆಯ ಗೂಡಿನಲ್ಲಿ ಹೊಸ ಎಂಜಿನ್ ಅಚ್ಚುಕಟ್ಟಾಗಿ ಕೂತಿತ್ತು. ವೈರುಗಳು ಹೆಣ್ಣುಮಗಳ ಜಡೆಯಂತೆ ಹೆಣೆದುಕೊಂಡಿದ್ದವು. ತೀರ್ಥದ ಹನಿಗಳು ಬಿಸಿ ಕಬ್ಬಿಣದ ಮೇಲೆ ಬಿದ್ದು ಚುಂಯ್ ಎಂದವು.

ಓರ್ಲಿಂಡಾ ಎಲ್ಲರಂತೆ ಮುಂದೆ ಬಂದು ಶಿಲುಬೆಯ ಗುರುತು ಮಾಡಿ ತಲೆ ಬಾಗಿಸಿದಳು. ಬಾಗಿದ ಕಣ್ಣಿಗೆ ಕಂಡದ್ದು ಎಂಜಿನ್ನಿನ ಬುಡ. ಹೊಸ ಎಂಜಿನ್ನು ಹಳೆಯ ಚಾಸಿಯ ಮೇಲೆ ತಾನಾಗಿ ಕೂರುವುದಿಲ್ಲ. ಅದಕ್ಕೆಂದೇ ಅದನ್ನು ಹಿಡಿದಿಡುವ ಹೊಸ ಮೌಂಟ್‌ಗಳನ್ನು ಮಾಡಿ, ಬೆಸುಗೆ ಹಾಕಿ, ಬೋಲ್ಟಿನಿಂದ ಬಿಗಿಯಬೇಕು. ಇಲ್ಲಿ ಬಿಗಿದಿದ್ದರು. ಬೋಲ್ಟುಗಳ ತಲೆಯಿಂದ ಮೌಂಟಿನ ತಗಡಿನವರೆಗೆ ಒಂದೊಂದು ಸಣ್ಣ ಗೀಟು. ಉಗುರುಬಣ್ಣದ ಗೀಟು.

ಅದು ರೆಮಿಹಿಯೊನ ರುಜು. ಬೋಲ್ಟನ್ನು ಕೊನೆಯ ಸಲ ಬಿಗಿದು, ಒಂದು ‘ನಮೋ ಮರಿಯಾ’ ಪ್ರಾರ್ಥನೆ ಹೇಳಿ, ಹೆಂಡತಿಯ ಉಗುರುಬಣ್ಣದಿಂದ ಒಂದು ಗೀಟೆಳೆಯುತ್ತಿದ್ದ. ಬೋಲ್ಟು ಸಡಿಲವಾದರೆ ಗೀಟು ಮುರಿಯುತ್ತದೆ, ನೋಡಿದ ಕೂಡಲೇ ತಿಳಿಯುತ್ತದೆ. ವರ್ಷವಿಡೀ ಕೆಂಪು ಬಣ್ಣ. ಅದರ ಬಾಟಲಿ ಸಾಮಾನಿನ ಪೆಟ್ಟಿಗೆಯಲ್ಲೇ ಇರುತ್ತಿತ್ತು. ತಪಸ್ಸುಕಾಲದಲ್ಲಿ ಮಾತ್ರ, ಚರ್ಚಿನ ವಿಗ್ರಹಗಳಿಗೆಲ್ಲ ನೇರಳೆ ಬಟ್ಟೆ ಹೊದಿಸುವ ಆ ದಿನಗಳಲ್ಲಿ, ಅವನೂ ನೇರಳೆಗೆ ಬದಲಾಗುತ್ತಿದ್ದ. “ರೆಮಿಹಿಯೊನ ಬೋಲ್ಟುಗಳೂ ಉಪವಾಸ ಮಾಡ್ತವೆ” ಎಂದು ಕಣಿವೆಯೆಲ್ಲ ತಮಾಷೆ ಮಾಡುತ್ತಿತ್ತು.

ಓರ್ಲಿಂಡಾ ಇನ್ನೂ ಬಾಗಿದಳು.

ಗೀಟುಗಳು ನೇರಳೆಯಾಗಿದ್ದವು.

ತಪಸ್ಸುಕಾಲ ಶುರುವಾಗುವ ಮುಂಚೆಯೇ ಊರು ಬಿಟ್ಟವನು, ತಪಸ್ಸುಕಾಲದಲ್ಲಿ ಈ ಗಾಡಿಯ ಬೋಲ್ಟು ಬಿಗಿದಿದ್ದ.

ಇನ್ನೊಂದನ್ನೂ ಕಂಡಳು. ಎಡಗಡೆಯ ಮೌಂಟಿನ ತುದಿಯ ಬೋಲ್ಟಿಗೆ ಗೀಟಿರಲಿಲ್ಲ. ಬಿಗಿದಿತ್ತು, ಆದರೆ ತಲೆಯ ಅಂಚು ಸವೆದಿತ್ತು. ಅಳತೆ ಸರಿಯಿಲ್ಲದ ಪಾನಾ ಹಾಕಿ ಯಾರೋ ಒರಟಾಗಿ ತಿರುಗಿಸಿದ್ದರು. ರೆಮಿಹಿಯೊ ಪ್ರಾರ್ಥನೆಯನ್ನು ಅರ್ಧಕ್ಕೆ ಬಿಡುವವನಲ್ಲ.

ಬಾನೆಟ್ ದಡ್ಡೆಂದು ಮುಚ್ಚಿತು. ಅವಳ ಬೆರಳಿಗೆ ಕೂದಲೆಳೆಯಷ್ಟು ದೂರದಲ್ಲಿ.

“ಜೋಪಾನ ಮಗಳೇ” ಎಂದರು ದೋನ್ ಬೆಲಾರ್ಮಿನೊ, ಮೆತ್ತಗೆ. “ಹಳೇ ತಗಡು. ಕೈ ಕತ್ತರಿಸಿಬಿಡುತ್ತೆ.”

*

ಸಂತನ ಮೆರವಣಿಗೆ ಕಾಲುವೆಯ ದಾರಿ ಹಿಡಿದು ಹೊರಟಿತು. ಓರ್ಲಿಂಡಾ ಹಿಂದೆ ಉಳಿದು, ಗೋಡೆಯ ನೆರಳಿನಲ್ಲಿ ಸೋಡಾ ಕುಡಿಯುತ್ತಿದ್ದ ಲಾಲೊನ ಪಕ್ಕ ಹೋಗಿ ಕೂತಳು. ಲಾಲೊ ದೋನ್ ಬೆಲಾರ್ಮಿನೊ ಅವರ ತಂಗಿಯ ಮಗ. ನಲವತ್ತು ದಾಟಿದವನು, ಹೊಟ್ಟೆ ಬೆಲ್ಟಿನ ಮೇಲಿಂದ ಬಗ್ಗಿ ನೋಡುತ್ತಿತ್ತು. ಈಸ್ಟರ್ ಕಳೆದ ಮೇಲೆ ಎಂಜಿನ್ ಕೂರಿಸಿದವನು ಇವನೇ ಎಂದು ಊರಿಗೆಲ್ಲ ಹೇಳಿಯಾಗಿತ್ತು.

“ಒಳ್ಳೆ ಕೆಲಸ ಮಾಡಿದೀಯ ಲಾಲೊ. ನಿನ್ನ ಕೈಲಿ ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ.”

“ನನಗೂ ಗೊತ್ತಿರಲಿಲ್ಲ.” ಅವನು ನಕ್ಕ. “ಮಾವ ಹಿಂದೆ ನಿಂತು ಬಯ್ತಾ ಇದ್ರೆ ಕತ್ತೇನೂ ಮೆಕ್ಯಾನಿಕ್ ಆಗುತ್ತೆ.”

“ಎಂಜಿನ್ ಎಲ್ಲಿ ಸಿಕ್ತು?”

“ಪುಯೆಬ್ಲೋ ಪಟ್ಟಣದ ಗುಜರೀಲಿ.”

ಉತ್ತರ ಬಲು ಬೇಗ ಬಂತು. ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಒಪ್ಪಿಸುವ ಹಾಗೆ.

“ಬೋಲ್ಟುಗಳಿಗೆ ಬಣ್ಣ ಹಾಕಿದೀಯಲ್ಲ, ಅದು ಎಲ್ಲೀದು?”

“ಯಾವ ಬಣ್ಣ?”

ಓರ್ಲಿಂಡಾ ಅವನ ಕೈಯನ್ನೇ ನೋಡಿದಳು. ಲಾಲೊ ಸೋಡಾದ ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ.

“ಓ, ಅದಾ. ಅದು ನಾನು ಬರೋ ಮೊದಲೇ ಇತ್ತು.”

“ನೀನು ಬರೋ ಮೊದಲು ಯಾರಿದ್ರು?”

ಡಬ್ಬಿ ಅವನ ಮುಷ್ಟಿಯಲ್ಲಿ ಕರಕ್ಕೆಂದು ಚಪ್ಪಟೆಯಾಯಿತು.

“ಒಂದೇ ಒಂದು ಬೋಲ್ಟ್ ಬಿಗೀಬೇಕಿತ್ತು ಓರ್ಲಿಂಡಾ. ಮಾವ ಕರೆದ್ರು, ಬಿಗಿದೆ. ವೈರು ಕೂಡಿಸಿದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಮಾವನ್ನೇ ಕೇಳು.”

“ಕರೆದದ್ದು ಈಸ್ಟರ್ ಆದ ಮೇಲೇನಾ?”

ಅವನು ಎದ್ದುನಿಂತು ಪ್ಯಾಂಟು ಕೊಡವಿಕೊಂಡ. ಮುಖದಲ್ಲಿದ್ದ ನಗು ಎಲ್ಲೋ ಕಳಚಿಬಿದ್ದಿತ್ತು.

“ಆವತ್ತು ಚರ್ಚಿನಲ್ಲಿ ಎಲ್ಲಾ ವಿಗ್ರಹಕ್ಕೂ ಮುಸುಕಿತ್ತು” ಎಂದ. “ಅದಷ್ಟೇ ನೆನಪು.”

*

ಮೆರವಣಿಗೆ ತಿರುಗಿ ಬಂದು, ವಿಗ್ರಹವನ್ನು ಇಳಿಸಿ, ಜನ ಊಟದ ಮನೆಗೆ ಹೋದ ಮೇಲೂ ದೋನ್ ಬೆಲಾರ್ಮಿನೊ ಗಾಡಿಯ ಹತ್ತಿರವೇ ಇದ್ದರು. ಚರ್ಚಿನ ಹಿಂದೆ ಅಲಾಮೊ ಮರದ ಕೆಳಗೆ ಅದನ್ನು ನಿಲ್ಲಿಸಿ, ಕೈವಸ್ತ್ರದಿಂದ ಬಾಗಿಲ ಧೂಳು ಒರೆಸುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೂದು ಹ್ಯಾಟು. ಓರ್ಲಿಂಡಾಳ ಅಜ್ಜನ ಶವಕ್ಕೆ ಹೆಗಲು ಕೊಟ್ಟವರಲ್ಲಿ ಇವರೂ ಒಬ್ಬರು.

ಗಾಳಿ ನಿಂತಿತ್ತು. ಅಲಾಮೊದ ಒಂದೆಲೆಯೂ ಅಲುಗುತ್ತಿರಲಿಲ್ಲ.

“ಊಟಕ್ಕೆ ಹೋಗಲಿಲ್ವಾ ಮಗಳೇ? ಪೊಸೋಲೆ ಸಾರು ಆರಿಹೋಗುತ್ತೆ.”

“ಇನ್ನೊಂದು ಸಲ ಬಾನೆಟ್ ತೆಗೀತೀರಾ ದೋನ್ ಬೆಲಾರ್ಮಿನೊ?”

“ದೇವರ ಅಂಗಳದಲ್ಲಿ ಪೊಲೀಸ್ ಕೆಲಸ ಬೇಡ.”

“ತೆಗೆದು ತೋರಿಸಿದವರು ನೀವೇ.”

“ತೀರ್ಥಕ್ಕೆ ತೆಗೆದೆ. ನಿನ್ನ ಕಣ್ಣಿಗಲ್ಲ.”

ಅವಳು ಮರದ ಬುಡಕ್ಕೆ ಒರಗಿ ನಿಂತಳು. ಅವಸರ ಮಾಡಿದರೆ ಈ ಮನುಷ್ಯ ಚಿಪ್ಪಿನೊಳಗೆ ಸೇರುತ್ತಾರೆಂದು ಅವಳಿಗೆ ಗೊತ್ತಿತ್ತು.

“ರೆಮಿಹಿಯೊ ಯಾವಾಗ ಹೋದ?”

“ಊರಿಗೆಲ್ಲ ಗೊತ್ತಿರೋದನ್ನ ನನ್ನ ಬಾಯಿಂದ ಕೇಳ್ತೀಯಾ? ವಿಭೂತಿ ಬುಧವಾರದ ಹಿಂದಿನ ದಿನ. ನನ್ನ ಕೆಲಸ ಅರ್ಧಕ್ಕೆ ಬಿಟ್ಟು.”

“ಎಂಜಿನ್ ಆಗ ಗಾಡಿಯಲ್ಲಿತ್ತಾ?”

“ಎಲ್ಲಿಂದ ಬರಬೇಕು? ಹಳೇದನ್ನ ಎಳೆದು ಹಾಕಿದ್ದ, ಗೂಡು ಖಾಲಿ. ಈಸ್ಟರ್ ಆದ ಮೇಲೆ ಲಾಲೊ ತಂದು ಕೂರಿಸಿದ.”

“ಹಾಗಿದ್ರೆ ಮೌಂಟಿನ ಬೋಲ್ಟಿಗೆ ನೇರಳೆ ಗೀಟು ಎಳೆದವರು ಯಾರು?”

ಕೈವಸ್ತ್ರ ನಿಂತಿತು.

“ಆ ಎಂಜಿನ್ನು ಯಾರ ಗಾಡಿಯಿಂದ ಬಂತೋ, ಅಲ್ಲಿ ಯಾವತ್ತೋ ಹಾಕಿದ ಬಣ್ಣ ಇರಬೇಕು” ಎಂದರು ಕೊನೆಗೆ. ದನಿ ಇನ್ನೂ ಮೆತ್ತಗೇ ಇತ್ತು.

“ಎಂಜಿನ್ನಿನ ಮೇಲಿದ್ದಿದ್ರೆ ಒಪ್ತಿದ್ದೆ. ಗೀಟಿನ ಅರ್ಧ ಬೋಲ್ಟಿನ ಮೇಲಿದೆ, ಇನ್ನರ್ಧ ಮೌಂಟಿನ ಮೇಲೆ. ಆ ಮೌಂಟು ಈ ಗಾಡಿಗೇ ಅಂತ ಮಾಡಿದ್ದು, ನಿಮ್ಮಪ್ಪನ ಚಾಸಿಗೆ ಬೆಸೆದದ್ದು. ಗೀಟು ಮುರಿದಿಲ್ಲ. ಎಳೆದವನು ನಿಮ್ಮ ಕೊಟ್ಟಿಗೆಯಲ್ಲಿ ನಿಂತೇ ಎಳೆದಿದಾನೆ. ತಪಸ್ಸುಕಾಲದಲ್ಲಿ.”

ದೋನ್ ಬೆಲಾರ್ಮಿನೊ ತಾವಾಗಿಯೇ ಬಾನೆಟ್ ಎತ್ತಿದರು. ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಮೊದಲ ಸಲ ಏನನ್ನೋ ಕಂಡವರ ಹಾಗೆ ಒಂದು ಗೀಟನ್ನು ಬೆರಳಿಂದ ಮುಟ್ಟಿದರು.

“ಬಲ್ಬಿನ ಬೆಳಕಲ್ಲಿ ಗ್ರೀಸು ಅಂದುಕೊಂಡಿದ್ದೆ” ಎಂದರು, ತಮ್ಮಷ್ಟಕ್ಕೆ.

ಆ ಮಾತು ಬಾಯಿಂದ ಜಾರಿದ್ದು ಅವರಿಗೂ ತಿಳಿಯಿತು. ದೂರದ ಬೆಟ್ಟದಲ್ಲಿ ಗುಡುಗು ಉರುಳಿತು.

“ಹಾಗಾದ್ರೆ ಅವನು ಕೆಲಸ ಮಾಡ್ತಿದ್ದಾಗ ನೀವಿದ್ರಿ” ಎಂದಳು ಓರ್ಲಿಂಡಾ. “ಇದು ಅವನದೇ ಗಾಡಿಯ ಎಂಜಿನ್. ಬೆಳಿಗ್ಗೆ ಅದರ ಕೆಮ್ಮು ಕೇಳಿದೆ. ಕಿವಿಯ ಸಾಕ್ಷಿಯನ್ನ ನ್ಯಾಯಾಧೀಶರು ಒಪ್ಪೋದಿಲ್ಲ, ನಿಜ. ಆದರೆ ಎಂಜಿನ್ನಿನ ಮೈಮೇಲೆ ಕೊರೆದ ನಂಬರ್ ಇದೆ. ಸಂಜೆಯೊಳಗೆ ಕೋರ್ಟಿನ ಆದೇಶ ತರಿಸ್ತೀನಿ. ಎಂಜಿನ್ ಇಲ್ಲದ ಗಾಡಿಯಲ್ಲಿ ಕೂತು ಅವನು ಕೊಲೊರಾಡೊಗೆ ಹೇಗೆ ಹೋದ, ಹೇಳಿ.”

“ಅವನ ಎಂಜಿನ್ ನಾನು ಕದಿಯಲಿಲ್ಲ. ಅವನೇ ಬಿಚ್ಚಿ ಕೊಟ್ಟ.”

“ಯಾಕೆ ಕೊಟ್ಟ?”

ಅವರು ಕೈವಸ್ತ್ರ ಮಡಚಿ ಜೇಬಿಗಿಟ್ಟರು.

“ಒಂದು ಬೋಲ್ಟಿಗೆ ಗೀಟಿಲ್ಲ. ಅದನ್ನ ಬಿಗಿಯೋಕೆ ಮುಂಚೆ ಏನಾಯ್ತು?”

ಅವರು ಹ್ಯಾಟು ತೆಗೆದರು. ನರೆತ ಕೂದಲು ಬೆವರಿಗೆ ಅಂಟಿತ್ತು. ಒಂದೇ ಗಳಿಗೆಯಲ್ಲಿ ಅವರಿಗೆ ಹತ್ತು ವರ್ಷ ವಯಸ್ಸಾದಂತೆ ಕಂಡಿತು.

“ನಿನ್ನಜ್ಜ ಹಾಡ್ತಿದ್ದ ಹಾಡು ನೆನಪಿದೆಯಾ? ‘ಮುಚ್ಚಿದ ಮಣ್ಣ ಕೆದಕಬೇಡ ಮಗಳೇ, ಕೆದಕಿದ ಕೈಯೇ ಅಳುವುದು’ ಅಂತ.”

“ನೆನಪಿದೆ. ಅದರ ಮುಂದಿನ ಸಾಲೂ ನೆನಪಿದೆ. ‘ಕೆದಕದೆ ಬಿಟ್ಟರೆ ತಾಯೇ, ಮಣ್ಣೇ ಎದ್ದು ಅಳುವುದು.’”

ಮುದುಕರು ಅವಳನ್ನು ದಿಟ್ಟಿಸಿದರು. ಆ ಕಣ್ಣುಗಳಲ್ಲಿ ಅವಳು ಸಿಟ್ಟು ಹುಡುಕಿದಳು, ಭಯ ಹುಡುಕಿದಳು. ಸಿಕ್ಕಿದ್ದು ಕರುಣೆ. ಅದೂ ಅವಳ ಮೇಲಿನ ಕರುಣೆ.

“ಕೆಂಪು ಬಣ್ಣದ ಬಾಟಲಿ ಅವನ ಪೆಟ್ಟಿಗೆಯಲ್ಲಿರ್ತಿತ್ತು” ಎಂದರು ಅವರು. “ನೇರಳೆ ಎಲ್ಲಿರ್ತಿತ್ತು, ನಿನಗೆ ಗೊತ್ತು. ಅದು ಕಾಲು ಮೂಡಿಸಿಕೊಂಡು ನನ್ನ ಕೊಟ್ಟಿಗೆಗೆ ನಡೆದು ಬಂತಾ?”

ಅಂಗಿಯ ಜೇಬಿನಿಂದ ಕೀಲಿ ತೆಗೆದು ಅವಳ ಅಂಗೈಯಲ್ಲಿಟ್ಟರು.

“ತಗೊ. ಗಾಡಿ ಎಲ್ಲಿಗೂ ಹೋಗಲ್ಲ, ನಾನೂ ಹೋಗಲ್ಲ. ಹೋಗಬೇಕಾದವರು ಹೋಗಿಯಾಯ್ತು.”

*

ನೇರಳೆ ಬಾಟಲಿ ಎಲ್ಲಿರುತ್ತಿತ್ತೆಂದು ಓರ್ಲಿಂಡಾಳಿಗೆ ಗೊತ್ತಿತ್ತು. ರೆಮಿಹಿಯೊ, ಪ್ರಿಸಿಲಿಯಾನಾರ ಅಡುಗೆಮನೆಯ ಗೋಡೆಗೂಡಿನಲ್ಲಿ, ದುಃಖಮಾತೆಯ ಪಟದ ಹಿಂದೆ. ವಿಭೂತಿ ಬುಧವಾರ ಹಣೆಗೆ ಬೂದಿ ಇಡಿಸಿಕೊಂಡು ಬಂದ ಮೇಲೆ ಪ್ರಿಸಿಲಿಯಾನಾ ಅದನ್ನು ತೆಗೆದು ಗಂಡನ ಕೈಗೆ ಕೊಡುವಳು. ಈಸ್ಟರ್ ದಿನ ಅವನು ಮರಳಿ ಅವಳ ಕೈಗೇ ಕೊಡುವನು. ವಿಭೂತಿ ಬುಧವಾರಕ್ಕೆ ಮುಂಚೆ ಅದನ್ನು ಅವನೂ ಮುಟ್ಟುತ್ತಿರಲಿಲ್ಲ.

ವಿಭೂತಿ ಬುಧವಾರದ ಹಿಂದಿನ ದಿನವೇ ಅವನು ಹೋಗಿದ್ದರೆ, ಬಾಟಲಿ ಇನ್ನೂ ಪಟದ ಹಿಂದೆಯೇ ಇರಬೇಕು.

ಹಿಂದಿನ ದಿನ ಹೋದನೆಂದು ಹೇಳಿದವರು ಯಾರು? ಬಿಳಿ ಗಾಡಿ ಕೆಮ್ಮುತ್ತ ಊರಂಚಿನ ಸೇತುವೆ ದಾಟಿದ್ದನ್ನು ಕೇಳಿದವರು ಯಾರು? ಊರೆಲ್ಲ ಹೇಳುತ್ತಿತ್ತು, ನಿಜ. ಆದರೆ ಊರಿಗೆ ಹೇಳಿದ ಬಾಯಿ ಒಂದೇ, ಪ್ರಿಸಿಲಿಯಾನಾಳದು.

ಮಳೆಯ ಮೊದಲ ಹನಿಗಳು ದಪ್ಪದಪ್ಪವಾಗಿ ಧೂಳಿಗೆ ಬಿದ್ದವು. ಓರ್ಲಿಂಡಾ ಅಂಗಳ ದಾಟಿದಳು. ಬಾಟಲಿ ಅಲ್ಲಿಯೇ ಇರಲಿ ತಾಯೇ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು. ಇದ್ದರೆ ಆ ಗೀಟುಗಳನ್ನು ಬೇರೆ ಯಾರೋ ಎಳೆದಿದ್ದಾರೆ. ಇದ್ದರೆ ಕೊಮಾದ್ರೆ ಸುಳ್ಳಾಡಿಲ್ಲ. ಇಲ್ಲದಿದ್ದರೆ ತಪಸ್ಸುಕಾಲ ಶುರುವಾದ ಮೇಲೂ ಅವನು ಮನೆಯಲ್ಲಿದ್ದ, ಅದು ಅವಳಿಗೆ ಗೊತ್ತಿತ್ತು. ಇಷ್ಟು ವರ್ಷದ ತನಿಖೆಯಲ್ಲಿ ತನ್ನ ಊಹೆ ಸುಳ್ಳಾಗಲಿ ಎಂದು ಅವಳು ದೇವರನ್ನು ಕೇಳಿದ್ದು ಇದೇ ಮೊದಲು.

ಊಟದ ಮನೆಯಲ್ಲಿ ಗದ್ದಲ ಇಳಿದಿತ್ತು. ಅಡುಗೆಯ ಕೋಣೆಯಲ್ಲಿ ಪ್ರಿಸಿಲಿಯಾನಾ ಒಬ್ಬಳೇ ಇದ್ದಳು. ಮಳೆಗೆ ಕಿಟಕಿ ಮುಚ್ಚಿ, ದೊಡ್ಡ ಪಾತ್ರೆಯ ತಳ ಉಜ್ಜುತ್ತಿದ್ದಳು.

“ಬಾ ಕೊಮಾದ್ರೆ. ನಿನಗೇ ಅಂತ ಒಂದು ಬಟ್ಟಲು ಎತ್ತಿಟ್ಟಿದೀನಿ. ಆ ಮುದುಕಿಯರಿಗೆ ಬಿಟ್ಟಿದ್ರೆ ತಳಾನೂ ನೆಕ್ಕಿಬಿಡ್ತಿದ್ರು.”

ಓರ್ಲಿಂಡಾ ಮೇಜಿನ ಮೇಲೆ ಕೀಲಿ ಇಟ್ಟಳು. ಸದ್ದು ಸಣ್ಣದು. ಆದರೂ ಪ್ರಿಸಿಲಿಯಾನಾಳ ಕೈ ನಿಂತಿತು.

“ದೋನ್ ಬೆಲಾರ್ಮಿನೊ ಗಾಡೀದಲ್ವಾ ಅದು?”

“ಅವರದ್ದೇ. ಒಳಗಿರೋ ಎಂಜಿನ್ ರೆಮಿಹಿಯೊದು.”

ಕೊಮಾದ್ರೆ ‘ಏನಂದೆ’ ಎನ್ನಲಿಲ್ಲ. ಎದೆ ಮುಟ್ಟಿಕೊಳ್ಳಲಿಲ್ಲ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕಿದಳು. ಬಟ್ಟೆ ಅವಳ ಹೆಗಲ ಮೇಲೇ ಇತ್ತು.

“ಬೆಳಿಗ್ಗೆ ಅದು ಕೆಮ್ಮಿತು” ಎಂದಳು ಓರ್ಲಿಂಡಾ. “ಈ ಕಿಟಕಿ ತೆರೆದಿತ್ತು. ನನಗೆ ಗೊತ್ತಾದ ದನಿ ನಿನಗೆ ಗೊತ್ತಾಗದೆ ಇರುತ್ತಾ? ನೀನು ತಿರುಗಿ ನೋಡಲಿಲ್ಲ.”

“ಪ್ರಪಂಚದಲ್ಲಿ ಒಂದೇ ಗಾಡಿ ಕೆಮ್ಮುತ್ತಾ?”

“ಬೋಲ್ಟುಗಳ ಮೇಲೆ ಗೀಟಿದೆ. ನೇರಳೆ.”

ಮಳೆ ತಗಡಿನ ಸೂರಿನ ಮೇಲೆ ಒಮ್ಮೆಲೇ ಸುರಿಯತೊಡಗಿತು. ಮೂಲೆಯ ಗೂಡಿನಲ್ಲಿ, ಪ್ರಿಸಿಲಿಯಾನಾ ಪ್ರತಿ ಭಾನುವಾರ ಹಚ್ಚುವ ಗಾಜಿನ ಮೇಣದಬತ್ತಿ ಉರಿಯುತ್ತಿತ್ತು. ಬದುಕಿರುವವನದ್ದೋ ಸತ್ತವನದ್ದೋ ಗೊತ್ತಿಲ್ಲದ ದೀಪ.

“ನಿನಗೆ ಮಾತು ಕೊಟ್ಟಿದೀನಿ ಕೊಮಾದ್ರೆ. ಯಾವ ದೀಪ ಅಂತ ಹೇಳ್ತೀನಿ ಅಂದಿದ್ದೆ. ನನ್ನ ಮಾತು ನಡೆಸೋಕೆ ನಿನ್ನಿಂದ ಒಂದೇ ಒಂದು ಸಾಮಾನು ಬೇಕು.” ಅವಳ ದನಿ ಅವಳಿಗೇ ಅಪರಿಚಿತವಾಗಿ ಕೇಳಿಸಿತು. “ಅದು ಪಟದ ಹಿಂದೆ ಇದ್ರೆ ನಿನ್ನ ಕಾಲಿಗೆ ಬಿದ್ದು ಕ್ಷಮೆ ಕೇಳ್ತೀನಿ. ನಿನ್ನ ಮಗಳ ಮೇಲಾಣೆ. ನಾನು ನಿನ್ನ ಮನೆ ಶೋಧಿಸೋಕೆ ಬರೋ ಹಾಗೆ ಮಾಡಬೇಡ. ಮಳೆ ನಿಂತ ಮೇಲೆ ಹೋಗಿ ಆ ಬಾಟಲಿ ತಗೊಂಡು ಬಾ.”

ಪ್ರಿಸಿಲಿಯಾನಾ ಮೂಲೆಗೆ ನಡೆದಳು. ಮೇಣದಬತ್ತಿಯ ಮುಂದೆ ನಿಂತು ಅದನ್ನೇ ನೋಡಿದಳು. ಆಮೇಲೆ ಬಾಗಿ, ನಿಧಾನವಾಗಿ ಊದಿ ಆರಿಸಿದಳು. ಹೊಗೆಯ ಎಳೆ ನೆಟ್ಟಗೆ ಮೇಲೇರಿತು.

ಮುಖ ತಿರುಗಿಸದೆ ಹೇಳಿದಳು.

“ಇಲ್ಲ, ಓರ್ಲಿಂಡಾ. ತರೋದಿಲ್ಲ.”